ಕೊಕ್ಕರೆ ಬೆಳ್ಳೂರಿನ ಹಿತ್ತಲುಗಳು

ತುಮಕೂರು ಜಿಲ್ಲೆಯ ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ ಜನಿಸಿ, ಮಾರ್ಕೋನಹಳ್ಳಿಯ ಜಲಾಶಯವನ್ನು ತುಂಬಿ, ಮದ್ದೂರಿನ ಬಯಲನ್ನು ಹಾದು, ಕಡೆಯಲ್ಲಿ ಕಾವೇರಿಯೊಳಗೆ ಲೀನವಾಗುವ ಶಿಂಷಾ ನದಿಯು ತನ್ನ ಹಾದಿಯ ಎಷ್ಟೋ ಗ್ರಾಮಗಳಿಗೆ ನೀರನ್ನೂ ಮೆಕ್ಕಲನ್ನೂ ಒದಗಿಸಿದೆಯಾದರೂ, ಪಕ್ಷಿಗಳ ನಿಮಿತ್ತವಾಗಿಯೇ ದೂರದೇಶಗಳವರೆಗೂ ಹೆಸರು ಹಬ್ಬಿಸಿಕೊಂಡ ಗ್ರಾಮ ಅದರ ದಡದ ಮಗ್ಗುಲಲ್ಲಿ ಒಂದೇ. ಅದು ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಬೆಳ್ಳೂರು. ಇದೇ ಜಿಲ್ಲೆಯ ನಾಗಮಂಗಲ ತಾಲ್ಲೂಕಿನಲ್ಲಿ ಮತ್ತೊಂದು ಬೆಳ್ಳೂರು ಇರುವುದರಿಂದ ಇದನ್ನು ಕೊಕ್ಕರೆ ಬೆಳ್ಳೂರೆಂದೇ ಎಲ್ಲರೂ ಕರೆಯುವರು. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹೆದ್ದಾರಿಯಲ್ಲಿ ಚನ್ನಪಟ್ಟಣವನ್ನು ದಾಟಿ, ರುದ್ರಾಕ್ಷಿಪುರದ ಬಳಿ ಎಡಕ್ಕೆ ತಿರುಗಿ, ಕಬ್ಬು, ಭತ್ತ, ರಾಗಿ, ಹಿಪ್ಪುನೇರಳೆಗಳ ನಡುವಣ ರಸ್ತೆಯಲ್ಲಿ ಸುಮಾರು 12 ಕಿಲೋಮೀಟರು ಕ್ರಮಿಸಿದರೆ ಊರು ದೊರೆಯುತ್ತದೆ. ಹೊಸಬರು ದಾರಿಯನ್ನು ವಿಚಾರಿಸಬೇಕಾದ ಅಗತ್ಯವೂ ಇಲ್ಲ. ಮಾಘಮಾಸದ ಹೊತ್ತಿಗೆ ಊರಿನ ಮರಗಳ ನೆತ್ತಿಗಳು ಬೆಳ್ಳಗಾಗಿ ದೂರದಿಂದಲೇ ಕಾಣುತ್ತಿರುತ್ತವೆ.

ಊರಿನ ಹಿರಿಯರು ತಮ್ಮ ತಂದೆತಾತಂದಿರಿಂದ ಕೇಳಿದ ವೃತ್ತಾಂತವೊಂದನ್ನು ಹೇಳುವುದುಂಟು. ಪೂರ್ವದಲ್ಲಿ ಈ ಗ್ರಾಮವು ಈಗಿರುವ ಸ್ಥಳದಲ್ಲಿರದೆ ಶಿಂಷೆಯ ದಡಕ್ಕೇ ಅಂಟಿಕೊಂಡಿತ್ತು; ಕಳೆದ ಶತಮಾನದ ಆದಿಭಾಗದಲ್ಲಿ ಪ್ಲೇಗು ಮಾರಿಯು ಹಬ್ಬಲಾಗಿ, ಬದುಕಿ ಉಳಿದ ಕುಟುಂಬಗಳು ಮನೆಮಠಗಳನ್ನು ತೊರೆದು ಸ್ವಲ್ಪ ದೂರದಲ್ಲಿ ಹೊಸ ಊರನ್ನು ಕಟ್ಟಿಕೊಂಡವು; ಹಳೆಯ ಊರಿನ ಮರಗಳಲ್ಲಿ ಗೂಡು ಕಟ್ಟುತ್ತಿದ್ದ ಪಕ್ಷಿಗಳು ಮನುಷ್ಯರಿಲ್ಲದ ಆ ಮರಗಳಲ್ಲಿ ನಿಲ್ಲಲೊಲ್ಲದೆ ಅವರ ಹಿಂದೆಯೇ ಬಂದು ಹೊಸ ಹಿತ್ತಲುಗಳನ್ನು ಸೇರಿದವು. 1898ರಲ್ಲಿ ಬೆಂಗಳೂರನ್ನು ಪ್ರವೇಶಿಸಿದ ಪ್ಲೇಗು ಅನಂತರದ ವರ್ಷಗಳಲ್ಲಿ ಮೈಸೂರು ಸಂಸ್ಥಾನದ ಎಷ್ಟೋ ಹಳ್ಳಿಗಳನ್ನು ಗುಳೆಯೆಬ್ಬಿಸಿತೆಂಬುದು ಸುವಿದಿತವಾದ ಸಂಗತಿ. ಪಕ್ಷಿಗಳೂ ಜೊತೆಗೂಡಿ ವಲಸೆ ಬಂದುವೆಂಬ ಮಾತನ್ನು ಭಾವುಕವಾದ ಕಟ್ಟುಕಥೆಯೆಂದು ತಳ್ಳಿಹಾಕುವುದಕ್ಕೆ ನನಗೆ ಮನಸ್ಸಾಗುವುದಿಲ್ಲ. ಜನಸಂಚಾರವಿರುವೆಡೆಯಲ್ಲಿ ಮೊಟ್ಟೆಮರಿಗಳನ್ನು ಅಪಹರಿಸುವ ಹದ್ದು, ಕಾಡುಬೆಕ್ಕುಗಳ ಕಾಟ ಕಡಮೆ. ಕಾಯುವವರಿರುವ ಹಿತ್ತಲನ್ನು ಹಕ್ಕಿ ಆರಿಸಿಕೊಳ್ಳುವುದು ಅದರ ವಿವೇಕವೇ ಸರಿ.

ಈ ಬಗೆಯ ಸಹವಾಸ ದಕ್ಷಿಣದೇಶಕ್ಕೆ ಹೊಸದಲ್ಲ. ಪಕ್ಷಿಶಾಸ್ತ್ರಜ್ಞನಾದ ಜೆರ್ಡನ್ನನು ಭಾರತದ ಪಕ್ಷಿಗಳನ್ನು ಕುರಿತು ಬರೆದು 1862ರಿಂದ 1864ರ ಅವಧಿಯಲ್ಲಿ ಪ್ರಕಟಿಸಿದ ಮಹಾಗ್ರಂಥದಲ್ಲಿ, ಕರ್ನಾಟಿಕ ಪ್ರಾಂತದ ಒಂದು ಗ್ರಾಮದ ನಟ್ಟನಡುವಣ ಮರಗಳಲ್ಲಿ ಹೆಜ್ಜಾರ್ಲೆಗಳು ಮನುಷ್ಯರ ಸಾಮೀಪ್ಯವನ್ನು ಲಕ್ಷಿಸದೆ ಗೂಡು ಕಟ್ಟಿದ್ದುದನ್ನು ತಾನು ಕಂಡುದಾಗಿ ಹೇಳಿದ್ದಾನೆ. ಆತನು ಕಂಡ ಗ್ರಾಮವೇ ಇದೆಂದು ಕೆಲವರು ಅಭಿಮಾನದಿಂದ ಸಾಧಿಸುವುದಕ್ಕೆ ಆಧಾರ ಸಾಲದು. ಆದರೆ ತಿರುನೆಲ್ವೇಲಿ ಸೀಮೆಯ ಕೂಂತನ್‌ಕುಳಂ, ಅನಂತಪುರದ ಕಡೆಯ ವೀರಾಪುರ ಮೊದಲಾದ ಗ್ರಾಮಗಳಲ್ಲಿ ಇಂದಿಗೂ ಇದೇ ಬಗೆಯ ನಂಟನ್ನು ಕಾಣಬಹುದಾದುದರಿಂದ, ಕೆರೆಗಳನ್ನು ಕಟ್ಟಿ ಬಾಳಿದ ನಾಡಿನಲ್ಲೆಲ್ಲ ಈ ಪದ್ಧತಿ ಬಹುಕಾಲದಿಂದ ನಡೆದುಬಂದಿತೆಂಬುದರಲ್ಲಿ ಸಂದೇಹವಿಲ್ಲ. ನಮ್ಮ ಬೆಳ್ಳೂರು ವಿದ್ವಜ್ಜನರ ಗಮನಕ್ಕೆ ಬಂದುದು 1976ರಲ್ಲಿ. ಅರಣ್ಯಾಧಿಕಾರಿಗಳಾಗಿದ್ದ ಎಸ್. ಜಿ. ನೇಗಿನಹಾಳರು ಆ ವರ್ಷ ಇಲ್ಲಿಯ ಗೂಡುಗಳನ್ನು ಕಂಡು ಹೊರಲೋಕಕ್ಕೆ ತಿಳಿಸಿದರು. ಕಂಡುಹಿಡಿದರೆಂದು ಬರೆಯುವುದು ವಾಡಿಕೆಯಾದರೂ, ಊರಿನವರು ತಲೆಮಾರುಗಳಿಂದ ಅರಿತಿದ್ದುದನ್ನು ಅವರು ಹೊರಗಿನವರಿಗೆ ಅರುಹಿದರೆನ್ನುವುದೇ ಯುಕ್ತ. ಆ ಅರುಹುವಿಕೆಯಿಂದ ಊರಿಗಾದ ಉಪಕಾರವಂತೂ ದೊಡ್ಡದು.

ಇಲ್ಲಿಗೆ ಬರುವ ಪಕ್ಷಿಗಳಲ್ಲಿ ಮುಖ್ಯವಾದುವು ಎರಡು: ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆ. ಕಾರ್ತಿಕದ ಆಸುಪಾಸಿನಲ್ಲಿ ಮೊದಲು ಹೆಜ್ಜಾರ್ಲೆಗಳು ಕಾಣಿಸಿಕೊಳ್ಳುತ್ತವೆ. ಕೆಲವು ವಾರಗಳ ಮೇಲೆ ಕೊಕ್ಕರೆಗಳು ಬಂದು ಸೇರುತ್ತವೆ. ಇವು ಸೈಬೀರಿಯದಿಂದ ಹಾರಿಬರುವುವೆಂದು ಪ್ರವಾಸಿಗರಿಗೆ ಹೇಳುವವರಿದ್ದಾರೆ, ಅದು ನಿಜವಲ್ಲ. ಎರಡೂ ಈ ದೇಶದ ಪಕ್ಷಿಗಳೇ. ಮಳೆಗಾಲದಲ್ಲಿ ದಕ್ಷಿಣದ ಕೆರೆಕುಂಟೆಗಳಲ್ಲಿ ಚದುರಿದ್ದು, ಗೂಡಿನ ಕಾಲಕ್ಕೆ ತಮ್ಮ ಹಳೆಯ ಮರಗಳನ್ನರಸಿ ಮರಳುವುವು.

ಬಣ್ಣದ ಕೊಕ್ಕರೆಯನ್ನು ಹಿತ್ತಲಿನಲ್ಲಿ ನಿಂತು ನೋಡುವ ಸೌಭಾಗ್ಯಕ್ಕೆ ಸಮನಾದುದನ್ನು ನಾನು ಬೇರೆಲ್ಲಿಯೂ ಅನುಭವಿಸಿಲ್ಲ. ನಿಂತರೆ ಸುಮಾರು ಒಂದು ಮೀಟರಿನಷ್ಟು ಎತ್ತರ, ರೆಕ್ಕೆ ಬಿಚ್ಚಿದರೆ ಒಂದೂವರೆ ಮೀಟರಿನಷ್ಟು ಹರವು. ತುದಿಯಲ್ಲಿ ಕೊಂಚ ಬಾಗಿದ ಹಳದಿಯ ನೀಳ ಕೊಕ್ಕು, ಗರಿಯಿಲ್ಲದ ಕಿತ್ತಳೆಬಣ್ಣದ ಮುಖ, ಬಿಳಿಯ ಎದೆಗೆ ಅಡ್ಡಲಾಗಿ ಕಪ್ಪು ಪಟ್ಟಿ, ಬಾಲದ ಮೇಲೆ ಇಳಿಬಿದ್ದ ಪಾಟಲವರ್ಣದ ಗರಿಗಳು. ಇಷ್ಟು ದೊಡ್ಡ ಕಾಡುಹಕ್ಕಿಯೊಂದು, ಕೊಟ್ಟಿಗೆಯಲ್ಲಿ ಎಮ್ಮೆ ಮೆಲುಕು ಹಾಕುತ್ತಿರಲು, ಹುಲ್ಲಿನ ಮೆದೆಯ ಪಕ್ಕದಲ್ಲಿ ಗೃಹಿಣಿ ಪಾತ್ರೆ ಬೆಳಗುತ್ತಿರಲು, ಅವಳ ನೆತ್ತಿಯ ಮೇಲಣ ಹುಣಸೆಕೊಂಬೆಯಲ್ಲಿ ನಿಶ್ಚಿಂತೆಯಿಂದ ತನ್ನ ಸಂಗಾತಿಯ ಕತ್ತನ್ನು ಕೊಕ್ಕಿನಿಂದ ನೇವರಿಸುತ್ತಿರುವುದನ್ನು ಕಂಡಾಗ, ನಾಡು ಕಾಡುಗಳೆಂದು ನಾವು ಎಳೆದುಕೊಂಡಿರುವ ಗಡಿ ಇಲ್ಲಿಯ ಹಿತ್ತಲ ಬೇಲಿಯೊಳಗೆ ಕಾಲಿಟ್ಟಿಲ್ಲವೆಂಬುದು ಮನದಟ್ಟಾಗುತ್ತದೆ. ಬೆಳೆದ ಕೊಕ್ಕರೆಗೆ ಸ್ವರವಿಲ್ಲವೆಂದೇ ಹೇಳಬಹುದು. ಗೂಡಿನಲ್ಲಿ ಜೋಡಿಗಳು ಸಂಧಿಸಿದಾಗ ಕೊಕ್ಕಿನ ಎರಡು ದಳಗಳನ್ನು ಪಟಪಟನೆ ತಾಡಿಸುವುದೇ ಅವುಗಳ ಸಂಭಾಷಣೆ. ಮರಿಗಳ ಮಾತು ಬೇರೆ. ಅವುಗಳ ಕರ್ಕಶವಾದ ಕೂಗಾಟ ಮುಂಜಾವಿನಿಂದ ಮುಸ್ಸಂಜೆಯವರೆಗೆ ನಿಲ್ಲುವುದಿಲ್ಲ. ಒಂದು ಗೂಡಿನಲ್ಲಿ ಎರಡರಿಂದ ಐದು ಮೊಟ್ಟೆಗಳು. ಗಂಡುಹೆಣ್ಣುಗಳೆರಡೂ ಸರದಿಯಿಂದ ಸುಮಾರು ಒಂದು ತಿಂಗಳು ಕಾವು ಕೊಡುವುವು. ಚೈತ್ರದ ಮಧ್ಯಾಹ್ನಗಳಲ್ಲಿ ಬಿಸಿಲು ನೆತ್ತಿಯ ಮೇಲೆ ಸುರಿಯುತ್ತಿರುವಾಗ, ತಾಯಿಯೋ ತಂದೆಯೋ ಸೂರ್ಯನಿಗೆ ಬೆನ್ನು ಮಾಡಿ ರೆಕ್ಕೆಗಳನ್ನು ಅರ್ಧ ಬಿಚ್ಚಿ ನಿಂತು, ಅಲುಗಾಡದೆ, ಮರಿಗಳಿಗೆ ನೆರಳನ್ನೀಯುವುದನ್ನೂ, ನದಿಯಿಂದ ಗಂಟಲಲ್ಲಿ ನೀರು ತುಂಬಿ ತಂದು ಅವುಗಳ ಬಾಯಿಗೆ ಬಿಡುವುದನ್ನೂ ಜಗಲಿಯ ಕಂಬಕ್ಕೊರಗಿ ಕುಳಿತೇ ನೋಡಬಹುದು.

ಬೆಳಗಿನ ಹೊತ್ತು ಏರಿ ನೆಲ ಕಾದು ಗಾಳಿ ಮೇಲೇಳತೊಡಗಿದ ಮೇಲೆ ಕೊಕ್ಕರೆಗಳು ಮರವನ್ನು ಬಿಟ್ಟು, ಆ ಬಿಸಿಗಾಳಿಯ ಸುಳಿಯಲ್ಲಿ ರೆಕ್ಕೆ ಬಡಿಯದೆ ಸುತ್ತುತ್ತ ಎತ್ತರಕ್ಕೇರಿ, ಅಲ್ಲಿಂದ ಶಿಂಷೆಯ ಮಡುಗಳಿಗೋ ಮದ್ದೂರಿನ ಕೆರೆಗೋ ತೈಲೂರು ಕೆರೆಗೋ ಸೂಳೆಕೆರೆಗೋ ಜಾರಿಹೋಗುವುವು. ಅವುಗಳ ಬೇಟೆಯ ಕ್ರಮ ವಿಲಕ್ಷಣವಾದುದು. ಕಣ್ಣಿನಿಂದ ಮೀನನ್ನು ಹುಡುಕುವ ಬದಲು, ಅರೆತೆರೆದ ಕೊಕ್ಕನ್ನು ನೀರೊಳಗಿಳಿಸಿ, ಕಾಲಿನಿಂದ ಕೆಸರನ್ನು ಕದಡುತ್ತ, ತಲೆಯನ್ನು ಅತ್ತಿತ್ತ ತೂಗುತ್ತ ಮೆಲ್ಲಮೆಲ್ಲನೆ ನಡೆಯುವುವು. ಮೀನು ಕೊಕ್ಕಿಗೆ ತಾಗಿದ ಕ್ಷಣವೇ ಕೊಕ್ಕು ಮುಚ್ಚಿಕೊಳ್ಳುತ್ತದೆ. ಆದುದರಿಂದಲೇ ತುಂಬಿದ ಜಲಾಶಯ ಅವಕ್ಕೆ ನಿಷ್ಪ್ರಯೋಜಕ, ಬತ್ತಿದ ಕೆರೆಯೂ ನಿಷ್ಪ್ರಯೋಜಕ. ಮೊಳಕಾಲು ಮುಳುಗುವಷ್ಟೇ ನೀರಿದ್ದು, ಇಳಿಯುತ್ತಿರುವ ಆ ನೀರಿನಲ್ಲಿ ಮೀನು ಒತ್ತಾಗಿ ಸೇರಿರಬೇಕು. ಮಳೆ ನಿಂತು ಕೆರೆಗಳು ಇಳಿಮುಖವಾಗುವ ತಿಂಗಳುಗಳಲ್ಲಿಯೇ ಇವುಗಳ ಬಾಣಂತನ ನಡೆಯುವುದರ ಮರ್ಮ ಇದೇ. ಹೆಜ್ಜಾರ್ಲೆಯಾದರೋ ನಡೆದಾಡುವ ಪಕ್ಷಿಯಲ್ಲ, ಈಜುವ ಪಕ್ಷಿ. ಕೊಕ್ಕಿನಡಿಯ ಚೀಲದಿಂದ ನೀರಿನೊಡನೆಯೇ ಮೀನನ್ನು ಮೊಗೆದು, ನೀರನ್ನು ಬಸಿದುಬಿಟ್ಟು ನುಂಗುವುದು. ಹೀಗೆ ಒಂದೇ ಮರದ ಎರಡು ಕೊಂಬೆಗಳಲ್ಲಿ ಸಂಸಾರ ಹೂಡಿದರೂ ಕೆರೆಯಲ್ಲಿ ಇವೆರಡರ ಪಾಲು ಬೇರೆಬೇರೆ.

“ನಮ್ಮ ಹೆಣ್ಮಕ್ಳಿದ್ದಂಗೆ ಸ್ವಾಮಿ ಇವು, ಬಾಣಂತನಕ್ಕೆ ತೌರಿಗೆ ಬತ್ತವೆ” ಎಂದು ಊರಿನ ಹೆಂಗಸರು ಹೇಳುವರು. ಹಕ್ಕಿ ಬಂದ ವರ್ಷ ಮಳೆಬೆಳೆಗಳು ಚೆನ್ನಾಗುವುವೆಂಬ ನಂಬಿಕೆಯೂ ಪ್ರಬಲವಾಗಿದೆ. ಈ ವಾತ್ಸಲ್ಯಕ್ಕೆ ಎಷ್ಟು ಖರ್ಚು ತಗಲುವುದೆಂಬುದನ್ನು ನೋಟಕರು ಸಾಮಾನ್ಯವಾಗಿ ವಿಚಾರಿಸುವುದಿಲ್ಲ. ಗೂಡುಗಳಿರುವ ಮರಗಳಲ್ಲಿ ಬಹುಪಾಲು ಹುಣಸೆ. ಮರಗಳೆಲ್ಲ ಒಬ್ಬೊಬ್ಬ ಗೃಹಸ್ಥನ ಸ್ವತ್ತು. ಹುಣಸೆಯ ಕಾಯಿ ಮಾಗಿ ಬಡಿಯುವ ಕಾಲವೂ ಗೂಡಿನಲ್ಲಿ ಮರಿಗಳಿರುವ ಕಾಲವೂ ಒಂದೇ. ಗಳು ಹಿಡಿದು ಕೊಂಬೆಗಳನ್ನು ಬಡಿದರೆ ಗೂಡು ಉಳಿಯುವುದಿಲ್ಲ. ಆದುದರಿಂದ ಗೃಹಸ್ಥನು ಫಲವನ್ನು ಕೈಬಿಡುತ್ತಾನೆ. ಇದರ ಮೇಲೆ ಮೀನಿನ ಎಲುಬು, ಕೊಳೆತ ಮೀನಿನ ತುಣುಕು, ಸುಣ್ಣ ಚೆಲ್ಲಿದಂತೆ ಬೀಳುವ ಹಿಕ್ಕೆ. ಫಾಲ್ಗುಣ ಚೈತ್ರಗಳಲ್ಲಿ ಹಿತ್ತಲಲ್ಲಿ ಬಟ್ಟೆ ಒಣಹಾಕುವಂತಿಲ್ಲ, ದುರ್ಗಂಧಕ್ಕೆ ಮೂಗು ಮುಚ್ಚದೆ ಇರುವಂತಿಲ್ಲ. ಇದನ್ನೆಲ್ಲ ಸಹಿಸಿ ಬಾಳುವುದನ್ನು ಬರಿಯ ಮುಗ್ಧಭಕ್ತಿಯೆಂದು ಹೊಗಳಿದರೆ ಊರಿನ ಬುದ್ಧಿವಂತಿಕೆಗೆ ಅನ್ಯಾಯ ಮಾಡಿದಂತಾಗುವುದು. ಆ ಹಿಕ್ಕೆಯೇ ಇವರ ಗೊಬ್ಬರ. ಮರದ ಬುಡದ ಸುತ್ತ ಗುಂಡಿ ತೋಡಿ, ಕೆರೆಯ ಗೋಡನ್ನು ತಂದು ಹರಡಿ, ಋತುವಿಡೀ ಅದರ ಮೇಲೆ ಬಿದ್ದುದನ್ನು ಗೋಡಿನೊಡನೆ ಬೆರೆಸಿ, ಮುಂಗಾರಿಗೆ ಮುನ್ನ ಗಾಡಿಗಳಲ್ಲಿ ಗದ್ದೆಗೆ ಸಾಗಿಸುತ್ತಿದ್ದರು. ಸಾರಜನಕ ರಂಜಕಗಳು ತುಂಬಿದ ಇಂಥ ಗೊಬ್ಬರ ಬಿದ್ದ ನೆಲದ ಫಸಲನ್ನು ಕಂಡವರಿಗೆ ಹಕ್ಕಿ ಬಂದರೆ ಬೆಳೆ ಚೆನ್ನಾಗುವುದೆಂಬ ನಂಬಿಕೆ ಹುಟ್ಟಿದುದು ಆಶ್ಚರ್ಯವಲ್ಲ. ಕೆರೆಯ ಮೀನು ಹಕ್ಕಿಯ ಒಡಲನ್ನು ಹಾದು ಗದ್ದೆಯನ್ನು ಸೇರುವ ಈ ವ್ಯವಸ್ಥೆಯಲ್ಲಿ ಮರದೊಡೆಯನೇ ಮುಖ್ಯಸ್ಥ. ಅವನು ಮನಸ್ಸು ಮಾಡಿದರೆ ಊರು ಉಳಿಯಿತು, ಮನಸ್ಸು ಮುರಿದರೆ ಗೂಡು ಅಳಿಯಿತು.

ಈ ಸೂಕ್ಷ್ಮವನ್ನು ಅರಿತೇ ಅರಣ್ಯ ಇಲಾಖೆಯು ಹುಣಸೆಯ ಫಲವನ್ನು ಕಳೆದುಕೊಂಡವರಿಗೆ ಮರದ ಲೆಕ್ಕದಲ್ಲಿ ಪರಿಹಾರಧನವನ್ನು ಕೊಡುವ ಕ್ರಮವನ್ನು ಆರಂಭಿಸಿತು. ಕಾವೇರಿಯ ನಡುಗಡ್ಡೆಗಳಾದ ರಂಗನತಿಟ್ಟನ್ನು ಸಲೀಂ ಅಲಿಯವರ ಸಲಹೆಯ ಮೇರೆಗೆ 1940ರಲ್ಲಿ ಪಕ್ಷಿಧಾಮವೆಂದು ಘೋಷಿಸಿದಾಗ ಜನರನ್ನು ದೂರವಿಟ್ಟು ನೀರಿನಿಂದಾವೃತವಾದ ದ್ವೀಪಗಳನ್ನು ಕಾಯ್ದರೆ ಸಾಕಾಗಿತ್ತು. ಬೆಳ್ಳೂರಿಗೆ ಆ ನ್ಯಾಯ ಒಗ್ಗುವುದಿಲ್ಲ. ಇಲ್ಲಿ ಜನರನ್ನು ಎಬ್ಬಿಸಿದರೆ ಪಕ್ಷಿಗಳನ್ನು ಎಬ್ಬಿಸಿದಂತೆಯೇ. 1972ರ ವನ್ಯಜೀವಿ ಸಂರಕ್ಷಣಾ ಕಾನೂನಿಗೆ 2002ರಲ್ಲಿ ತಂದ ತಿದ್ದುಪಡಿಯು ಸಮುದಾಯ ಮೀಸಲು ಎಂಬ ಹೊಸ ವರ್ಗವನ್ನು ಕಲ್ಪಿಸಿತು. ಅದರಂತೆ ಭೂಮಿಯ ಒಡೆತನ ಜನರಲ್ಲಿಯೇ ಉಳಿದು, ಗ್ರಾಮ ಪಂಚಾಯತಿಯ ಪ್ರತಿನಿಧಿಗಳೂ ಇಲಾಖೆಯ ಪ್ರತಿನಿಧಿಯೂ ಕೂಡಿದ ಸಮಿತಿ ಆಡಳಿತ ನೋಡಿಕೊಳ್ಳುತ್ತದೆ. ಕೊಕ್ಕರೆ ಬೆಳ್ಳೂರು 2007ರಲ್ಲಿ ಆ ವರ್ಗಕ್ಕೆ ಸೇರಿತು. ಊರಿನ ಸ್ವಭಾವಕ್ಕೆ ಇಷ್ಟು ಹೊಂದುವ ಕಾನೂನು ಇನ್ನೊಂದಿರಲಾರದು.

ಊರಿನ ಯುವಕರು ಕಟ್ಟಿಕೊಂಡ ಹೆಜ್ಜಾರ್ಲೆ ಬಳಗವನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾಗದು. ಗೂಡಿನಿಂದ ನೆಲಕ್ಕೆ ಬಿದ್ದ ಮರಿಗೆ ತಾಯಿ ಇಳಿದು ಬಂದು ಉಣಿಸುವುದಿಲ್ಲ. ಹಾಗೆಯೇ ಬಿಟ್ಟರೆ ಹಸಿವಿನಿಂದಲೋ ನಾಯಿಯಿಂದಲೋ ಅದು ಸಾಯುವುದು ಖಂಡಿತ. ಮೈಸೂರಿನ ಹವ್ಯಾಸಿ ಪ್ರಕೃತಿಶೋಧಕರ ನೆರವಿನೊಡನೆ ಈ ತರುಣರು ಮರಗಳ ಕೆಳಗೆ ಬಲೆ ಕಟ್ಟಿ, ಬಿದ್ದ ಮರಿಗಳನ್ನು ಬೇಲಿಯೊಳಗಿಟ್ಟು, ಮೀನು ತಂದು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಬಿಡುಗಡೆ ಮಾಡುತ್ತ ಬಂದರು. 2017ರ ಡಿಸೆಂಬರಿನಿಂದ ಕೆಲವು ತಿಂಗಳು ಹೆಜ್ಜಾರ್ಲೆಗಳು ಒಂದರ ಹಿಂದೊಂದು ಮರದಿಂದುರುಳಿ ಸಾಯತೊಡಗಿದಾಗ ಊರಿಗೆ ಊರೇ ಕಂಗೆಟ್ಟಿತು. ಸತ್ತ ಹಕ್ಕಿಗಳ ಹೊಟ್ಟೆಯಲ್ಲಿ ಮೀನಿನ ಮೂಲಕ ಸೇರಿದ ದುಂಡುಹುಳುಗಳು ಕಂಡುಬಂದವು. ಹಿತ್ತಲನ್ನು ಎಷ್ಟೇ ಎಚ್ಚರದಿಂದ ಕಾಯ್ದರೂ, ಹಕ್ಕಿ ಉಣ್ಣುವ ನೀರು ಊರಿನ ಎಲ್ಲೆಯಾಚೆ ಮೈಲಿಗಳುದ್ದಕ್ಕೂ ಹರಡಿರುವುದರಿಂದ, ಮಲಿನವಾದ ಕೆರೆಗೂ ಮರಳು ಬಗೆದು ಗುಂಡಿಬಿದ್ದ ನದೀಪಾತ್ರಕ್ಕೂ ಬೆಳ್ಳೂರಿನವರು ಮಾತ್ರ ಉತ್ತರಕೊಡಲಾರರು.

ಅವರು ಉತ್ತರ ಕೊಡಬಲ್ಲುದು ಮರಗಳಿಗೆ. ಕುಟುಂಬಗಳು ಒಡೆದು ಹಿತ್ತಲುಗಳು ಪಾಲಾಗುತ್ತಿವೆ. ನಾಡಹೆಂಚಿನ ಮನೆಯಿದ್ದಲ್ಲಿ ತಾರಸಿಯ ಮನೆ ಏಳುವಾಗ ಹುಣಸೆಯ ಬುಡವೇ ಅಡಿಪಾಯಕ್ಕೆ ಅಡ್ಡವಾಗುತ್ತದೆ. ಕೊಕ್ಕರೆಯ ಭಾರವನ್ನೂ ಹತ್ತಾರು ಗೂಡುಗಳ ಭಾರವನ್ನೂ ಹೊರುವಷ್ಟು ಹುಣಸೆ ಬಲಿಯಬೇಕಾದರೆ ದಶಕಗಳೇ ಬೇಕು; ಇಂದು ನೆಟ್ಟ ಸಸಿಯಲ್ಲಿ ಗೂಡು ಕಾಣುವವರು ನೆಟ್ಟವರ ಮಕ್ಕಳು. ಆದುದರಿಂದ ಹುಣಸೆಗೆ ಕೊಡುವ ಪರಿಹಾರವು ಮಾರುಕಟ್ಟೆಯಲ್ಲಿ ಹಣ್ಣಿನ ಬೆಲೆ ಏರಿದಂತೆ ತಾನೂ ಏರಿ, ಗೂಡಿನ ಹಕ್ಕಿಗಳು ಹಾರಿಹೋದ ವರ್ಷವೇ ತಪ್ಪದೆ ಗೃಹಸ್ಥನ ಕೈಸೇರಬೇಕು; ಗೂಡಿಲ್ಲದಿದ್ದರೂ ಗೂಡಿಗೆ ತಕ್ಕ ಮರವನ್ನು ಬೆಳೆಸಿಕೊಂಡು ಬರುವವನಿಗೂ ಅದರಲ್ಲಿ ಭಾಗವಿರಬೇಕು; ಮನೆ ಕಟ್ಟುವವನು ಮರವನ್ನುಳಿಸಿ ನಕ್ಷೆಯನ್ನು ಬದಲಿಸಿಕೊಂಡರೆ ಅವನ ಹೆಚ್ಚುವರಿ ವೆಚ್ಚವನ್ನು ಸಮಿತಿಯೇ ಭರಿಸಬೇಕು.