ಮೊದಲ ಹೆಜ್ಜೆಯ ಲೆಕ್ಕ

ಶಿವಮೊಗ್ಗದಲ್ಲಿ ಕೋಟೆ ಎಂದರೆ ಈಗ ಕಲ್ಲಿನ ಗೋಡೆಗಿಂತ ಹೆಚ್ಚಾಗಿ ಒಂದು ಬಡಾವಣೆಯ ಹೆಸರು. ಕೋಟೆ ರಸ್ತೆ, ಕೋಟೆ ಆಂಜನೇಯ, ಕೋಟೆ ಮಾರಿಕಾಂಬೆ, ತುಂಗೆಯ ದಡದ ಶಿವಪ್ಪನಾಯಕನ ಅರಮನೆ, ಇಷ್ಟು ಹೇಳಿದರೆ ನಮ್ಮ ಪ್ರಪಂಚ ಮುಗಿಯಿತು. 1645ರಿಂದ 1660ರವರೆಗೆ ಕೆಳದಿ ರಾಜ್ಯವನ್ನಾಳಿದ ಆ ದೊರೆಗೆ ‘ಶಿಸ್ತಿನ ಶಿವಪ್ಪನಾಯಕ’ ಎಂದೇ ಹೆಸರು. ಶಿಸ್ತು ಎಂದರೆ ಇಲ್ಲಿ ಸಾಲಾಗಿ ನಿಲ್ಲುವುದಲ್ಲ, ಭೂಕಂದಾಯದ ನಿಗದಿ. ಪ್ರತಿ ಊರಿನಲ್ಲೂ ಒಂದೊಂದು ಬಗೆಯ ಹೊಲವನ್ನು ಐದು ವರ್ಷ ತನ್ನ ಲೆಕ್ಕದಲ್ಲೇ ಸಾಗುವಳಿ ಮಾಡಿಸಿ, ಬಿತ್ತಿದ ಬೀಜ, ಆದ ಖರ್ಚು, ಬಂದ ಫಸಲು, ಅದರ ಬೆಲೆ ಎಲ್ಲವನ್ನೂ ಬರೆಸಿಟ್ಟು, ಆಮೇಲೆ ಕಂದಾಯ ಗೊತ್ತುಮಾಡಿದನೆಂದು ರೈಸ್ ಸಾಹೇಬರ ಗ್ಯಾಸೆಟಿಯರ್ ಹೇಳುತ್ತದೆ. ಊರ ಹಿರಿಯರನ್ನು ಕರೆಸಿ, ‘ನಿಮ್ಮ ಕಾಲದಲ್ಲಿ ಎಷ್ಟು ಬೆಳೆಯುತ್ತಿತ್ತು?’ ಎಂದು ಕೇಳಿ ಮುಗಿಸಬಹುದಾಗಿತ್ತು. ಅವನು ಹಾಗೆ ಮಾಡಲಿಲ್ಲ.

ಹೊಲಕ್ಕೆ ಇಷ್ಟು ಲೆಕ್ಕ ಇಟ್ಟ ಊರಿನಲ್ಲಿ ಮಕ್ಕಳಿಗೆ ಮಾತ್ರ ಲೆಕ್ಕವಿಲ್ಲ. ಮಗು ಯಾವಾಗ ಬೋರಲು ಬಿತ್ತು, ಯಾವಾಗ ನಡೆಯಿತು, ಯಾವಾಗ ಮಾತಾಡಿತು ಎಂಬುದಕ್ಕೆಲ್ಲ ಅಜ್ಜ ಅಜ್ಜಿಯರ ನೆನಪೇ ಕಡತ. ನಮ್ಮ ಮನೆಯ ಕಡತ ಅಮ್ಮನ ಬಳಿ ಇತ್ತು. ಅದರ ಪ್ರಕಾರ ನಾವು ಮೂವರು ಮಕ್ಕಳೂ ಒಂಬತ್ತನೇ ತಿಂಗಳಿಗೇ ನಡೆದವರು. ಅಪ್ಪನ ಕಡತ ಬೇರೆ. ‘ಎಲ್ಲಿಯ ಒಂಬತ್ತು? ದೊಡ್ಡವನು ಮೊದಲು ನಡೆದದ್ದು ಮಾರಿ ಜಾತ್ರೆಯ ದಿನ, ನಾನೇ ಕಣ್ಣಾರೆ ನೋಡಿದ್ದೇನೆ’ ಎನ್ನುತ್ತಿದ್ದರು. ದೊಡ್ಡವನು ಎಂದರೆ ನಾನೇ. ನಾನು ಹುಟ್ಟಿದ್ದು ಶ್ರಾವಣದಲ್ಲಿ. ಕೋಟೆ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ, ಚಳಿ ಇಳಿದು ಬಿಸಿಲೇರುವ ಹೊತ್ತಿಗೆ. ಮೊದಲ ಜಾತ್ರೆಗೆ ನನಗೆ ಹೆಚ್ಚೆಂದರೆ ಏಳು ತಿಂಗಳು, ಅದರ ಮುಂದಿನ ಜಾತ್ರೆಗೆ ಎರಡೂವರೆ ವರ್ಷ. ಎರಡರಲ್ಲಿ ಯಾವುದಕ್ಕೂ ಮೊದಲ ಹೆಜ್ಜೆ ಹೊಂದುವುದಿಲ್ಲ. ಆದರೂ ಅಪ್ಪ ಸುಳ್ಳು ಹೇಳುವವರಲ್ಲ. ಜಾತ್ರೆಯ ಜನಜಂಗುಳಿಯಲ್ಲಿ ಯಾರೋ ಒಬ್ಬ ಮಗ ಅವರ ಬೆರಳು ಬಿಟ್ಟು ನಡೆದದ್ದು ನಿಜವೇ ಇರಬೇಕು. ಅವನು ನಾನೋ ತಮ್ಮನೋ ಎಂಬುದಷ್ಟೇ ಕಲಸಿಹೋಗಿತ್ತು.

ಹೀಗಾಗಲು ಕಾರಣವಿದೆ. ನಮ್ಮ ಹಿರಿಯರು ತಿಂಗಳು ಎಣಿಸಿದವರಲ್ಲ, ಸಂದರ್ಭ ಹಿಡಿದಿಟ್ಟುಕೊಂಡವರು. ಮಗು ಬೋರಲು ಬಿದ್ದರೆ ಒಂದು ಸಿಹಿ, ಅಂಬೆಗಾಲಿಟ್ಟರೆ ಅಂಬೊಡೆ, ಹೊಸ್ತಿಲು ದಾಟಿದರೆ ಹೊಸ್ತಿಲಿಗೆ ಕಾಯಿ ಒಡೆಯುವುದು, ಇದು ನಮ್ಮ ಮನೆಯ ಪದ್ಧತಿ. ಕಾಯಿ ಒಡೆದವರು ಯಾರು, ಅಂಬೊಡೆ ಸೀದದ್ದು ಯಾರಿಂದ ಎಂಬುದೆಲ್ಲ ಅಮ್ಮನಿಗೆ ಕೊನೆಯವರೆಗೂ ನೆನಪಿತ್ತು. ಮಗುವಿಗೆ ಆಗ ಎಷ್ಟು ತಿಂಗಳು ಎಂಬುದು ಅಡುಗೆಮನೆಗೆ ಬೇಕಾದ ವಿಷಯವಾಗಿರಲಿಲ್ಲ.

ಸಂದರ್ಭವೂ ಕೆಲವೊಮ್ಮೆ ಮೋಸ ಮಾಡುತ್ತದೆ. ಅಮ್ಮನ ತವರು ಭದ್ರಾವತಿ, ಹಿಂದಿನ ಬೆಂಕಿಪುರ. ಅಲ್ಲಿದ್ದ ನಮ್ಮ ಅಜ್ಜಿ ತನ್ನ ಚೊಚ್ಚಲ ಮಗನಿಗೆ ಮಾತು ಬಂದದ್ದು ‘ಕಾರ್ಖಾನೆ ಶುರುವಾದ ವರ್ಷ’ ಎನ್ನುತ್ತಿದ್ದಳಂತೆ. ವಿಶ್ವೇಶ್ವರಯ್ಯನವರ ಆ ಕಬ್ಬಿಣದ ಕಾರ್ಖಾನೆಗೆ ಕೈಹಾಕಿದ್ದು 1918ರಲ್ಲಿ, ಕಬ್ಬಿಣ ತಯಾರಾದದ್ದು 1923ರಲ್ಲಿ. ಯಾವುದು ಶುರು? ನಡುವಿನ ಐದು ವರ್ಷದಲ್ಲಿ ಒಂದು ಮಗು ಹುಟ್ಟಿ, ನಡೆದು, ಮಾತು ಕಲಿತು, ಅಕ್ಷರಾಭ್ಯಾಸಕ್ಕೂ ಕೂತುಬಿಡಬಹುದು.

ಇದು ವಯಸ್ಸಿನ ಮರೆವು ಎಂದು ಅಜ್ಜಿಯರ ತಲೆಗೆ ಕಟ್ಟುವಂತಿಲ್ಲ. 1963ರಲ್ಲಿ ಅಮೆರಿಕದ ಲಿಲಿಯನ್ ರಾಬಿನ್ಸ್ ಎಂಬಾಕೆ ಒಂದು ಅಧ್ಯಯನ ಪ್ರಕಟಿಸಿದರು. ಮಕ್ಕಳು ಹುಟ್ಟಿದಂದಿನಿಂದ ಬರೆದಿಟ್ಟ ದಾಖಲೆ ಕೈಯಲ್ಲಿತ್ತು. ಆ ಮಕ್ಕಳಿಗೆ ಮೂರು ವರ್ಷವಾದಾಗ ತಾಯ್ತಂದೆಯರನ್ನೇ ಕೇಳಿ ನೋಡಿದರೆ ನೆನಪು ಆಗಲೇ ದಾಖಲೆಯಿಂದ ಜಾರಿತ್ತು. ಅದಕ್ಕಿಂತ ಸ್ವಾರಸ್ಯದ ಸಂಗತಿ, ತಾಯಂದಿರ ನೆನಪು ಜಾರಿದ್ದು ಅಂದಿನ ತಜ್ಞರು ಯಾವುದು ಸರಿ ಎನ್ನುತ್ತಿದ್ದರೋ ಆ ಕಡೆಗೇ! ಮೂರು ವರ್ಷಕ್ಕೇ ಹೀಗಾದರೆ ಮೂವತ್ತು ವರ್ಷ ಕಳೆದ ಅಜ್ಜಿಯ ಪಾಡೇನು? ನಮ್ಮಲ್ಲಿ ಬೇಗ ನಡೆದ ಮಗು ಚುರುಕು ಎಂಬ ನಂಬಿಕೆ ಇದೆ. ನೆನಪು ಆ ಕಡೆಗೆ ವಾಲುತ್ತದೆ. ವರ್ಷ ಕಳೆದಂತೆ ಮಕ್ಕಳೆಲ್ಲ ಇನ್ನೂ ಬೇಗ ಬೇಗ ನಡೆದವರಾಗುತ್ತಾರೆ.

ಡಾರ್ವಿನ್ನನಂಥವನೂ ಈ ವಿಷಯದಲ್ಲಿ ತಲೆಯನ್ನು ನಂಬಲಿಲ್ಲ. 1839ರಲ್ಲಿ ಹುಟ್ಟಿದ ತನ್ನ ಮೊದಲ ಮಗನ ನಗು, ಅಳು, ಸಿಟ್ಟುಗಳನ್ನು ದಿನ ಹಾಕಿ ಬರೆದಿಟ್ಟುಕೊಂಡಿದ್ದ. ಅದನ್ನು ಲೇಖನವಾಗಿ ಪ್ರಕಟಿಸಿದ್ದು 1877ರಲ್ಲಿ. ಅಷ್ಟು ಹೊತ್ತಿಗೆ ಆ ಮಗು ಮೀಸೆ ಬಂದ ಗಂಡಸಾಗಿದ್ದ. ಆದರೂ ಹಳೆಯ ಟಿಪ್ಪಣಿ ಇದ್ದುದರಿಂದ ಇಷ್ಟನೇ ದಿನ ಹೀಗಾಯಿತು ಎಂದು ಹೇಳಲು ಸಾಧ್ಯವಾಯಿತು.

ನೆನಪಿನ ಒಂದೆರಡು ತಿಂಗಳು ಆಚೀಚೆ ಆದರೇನು ಎನ್ನಬಹುದು. ನಮ್ಮ ಮನೆಯಲ್ಲಿ ಆದದ್ದು ಇಷ್ಟು. ತಮ್ಮನ ಮಗು ಹದಿಮೂರು ತಿಂಗಳಾದರೂ ಗೋಡೆ ಬಿಡಲಿಲ್ಲ. ಅಮ್ಮ ದಿನಕ್ಕೆರಡು ಬಾರಿ, ‘ನನ್ನ ಮಕ್ಳು ಒಂಬತ್ತಕ್ಕೇ ನಡೆದ್ವು ಕಣೇ’ ಎನ್ನುವರು. ತಮ್ಮನ ಹೆಂಡತಿ, ‘ಹೌದಾ ಅತ್ತೆ’ ಎಂದು ಒಳಗೆ ಹೋಗಿ ಕಣ್ಣೊರೆಸಿಕೊಳ್ಳುವಳು. ತನ್ನ ಹಾಲಿನಲ್ಲೇ ಏನೋ ಕೊರತೆ ಎಂದು ಅವಳ ಅನುಮಾನ. ವಿಶ್ವ ಆರೋಗ್ಯ ಸಂಸ್ಥೆ ದಿಲ್ಲಿಯೂ ಸೇರಿದಂತೆ ಐದು ದೇಶಗಳ 816 ಮಕ್ಕಳನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಆಸರೆಯಿಲ್ಲದೆ ನಡೆಯುವುದು 8.2 ತಿಂಗಳಿಂದ 17.6 ತಿಂಗಳೊಳಗೆ ಯಾವಾಗಲಾದರೂ ಆಗಬಹುದು. ನೂರಕ್ಕೆ ನಾಲ್ಕು ಮಕ್ಕಳು ಅಂಬೆಗಾಲನ್ನೇ ಇಡದೆ ನಡೆದುಬಿಡುತ್ತವೆ. ಅವರ ಮನೆಯಲ್ಲಿ ಅಂಬೊಡೆ ಖೋತಾ! ಮಗು ಹದಿನೈದಕ್ಕೆ ನಡೆಯಿತು. ತಾಯಿ ಅತ್ತ ಎರಡು ತಿಂಗಳಂತೂ ವ್ಯರ್ಥ.

ಇನ್ನೊಂದು ಮನೆಯಲ್ಲಿ ನೆನಪು ತಿರುಗಿ ಹೊಡೆಯಿತು. ನಮ್ಮ ಬೀದಿಯದೇ ಮಗು, ಎರಡು ವರ್ಷವಾದರೂ ಒಂದು ಮಾತಿಲ್ಲ. ಅಜ್ಜ ಮಾತ್ರ ನಿಶ್ಚಿಂತೆ. ‘ಇವನಪ್ಪನೂ ಬಾಯಿ ಬಿಟ್ಟದ್ದು ನಾಲ್ಕಕ್ಕೇ’ ಎಂದರು. ಹಿರಿಯರ ಮಾತು, ಎಲ್ಲರೂ ಕಾದರು. ನಾಲ್ಕರ ಹೊತ್ತಿಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಕರೆದೊಯ್ದಾಗ ತಿಳಿದದ್ದು, ಮಗುವಿಗೆ ಕಿವಿಯೇ ಸರಿಯಾಗಿ ಕೇಳುತ್ತಿರಲಿಲ್ಲ. 1965ರಿಂದ ಇರುವ ಸಂಸ್ಥೆ ಅದು, ಶಿವಮೊಗ್ಗದಿಂದ ಒಂದು ರಾತ್ರಿಯ ಪ್ರಯಾಣ. ಕಿವಿಗೆ ಯಂತ್ರ ಬಂತು, ಮಾತೂ ಬಂತು, ಆದರೆ ಮಾತು ಕಲಿಯುವ ಎಳೆ ವಯಸ್ಸಿನ ಎರಡು ವರ್ಷ ಹೋಗಿತ್ತು. ಆ ಅಪ್ಪ ನಿಜಕ್ಕೂ ನಾಲ್ಕು ವರ್ಷಕ್ಕೆ ಮಾತಾಡಿದನೇ? ಅವನ ಅಕ್ಕನನ್ನು ಕೇಳಿದರೆ, ‘ಅಯ್ಯೋ, ಎರಡಕ್ಕೇ ನನ್ನ ಮೇಲೆ ಚಾಡಿ ಹೇಳ್ತಿದ್ದ’ ಎಂದಳು.

1969ರ ಕಾಯ್ದೆಯಿಂದ ಹುಟ್ಟು ಸಾವುಗಳ ನೋಂದಣಿ ಕಡ್ಡಾಯವಾಯಿತು. ಮೊದಲ ಹೆಜ್ಜೆಗೆ, ಮೊದಲ ಮಾತಿಗೆ ಯಾವ ಕಚೇರಿಯೂ ಇಲ್ಲ, ಬೇಕಾಗಿಯೂ ಇಲ್ಲ. ಹಾಲಿನವನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರಿನಲ್ಲಿ ಆ ದಿನ ಒಂದು ಗುರುತು ಹಾಕಿದರೆ ಸಾಕು. ಅಜ್ಜ ಅಜ್ಜಿಯರನ್ನು ಕೇಳಬೇಕಾದ್ದು ಬೇರೆ: ಕಾಯಿ ಒಡೆದವರು ಯಾರು, ಎಣ್ಣೆ ನೀರು ಹಾಕಿದವರು ಯಾರು, ಎದ್ದು ಬಿದ್ದಾಗ ಯಾರ ಕಡೆ ನೋಡಿ ಅತ್ತಿತು. ಅದು ಯಾವ ಕ್ಯಾಲೆಂಡರಿನಲ್ಲೂ ಸಿಗುವುದಿಲ್ಲ. ತಿಂಗಳ ಮಾತು ಬಂದಾಗ ಮಾತ್ರ ಅವರಿಗೆ ತಲೆಯಾಡಿಸಿ, ಗೋಡೆಯ ಕಡೆ ಕಣ್ಣು ಹಾಯಿಸುವುದು ಮೇಲು.