ಜೀಪೂ ರೆಡಿ, ಭರಣಿಯಲ್ಲಿ ವೈನೂ ರೆಡಿ: ರಸ್ತೆಗೆ, ಅಂಗಡಿಗೆ ಬರುವ ಮುಂಚೆ ಇಷ್ಟು ಗೊತ್ತಿರಲಿ

ಮಳೆಗಾಲ ಹತ್ತಿರ ಬಂತೆಂದರೆ ಗೋಣಿಕೊಪ್ಪ, ವಿರಾಜಪೇಟೆ, ಸುಂಟಿಕೊಪ್ಪ ಕಡೆಯ ಗ್ಯಾರೇಜ್‌ಗಳ ಮುಂದೆ ಹಳೆ ಜೀಪುಗಳು ಸಾಲಾಗಿ ನಿಲ್ಲುತ್ತವೆ. ಬಾನೆಟ್ ಎತ್ತಿ ಸುತ್ತ ನಿಂತವರ ಬಾಯಲ್ಲಿ ಎರಡೇ ವಿಷಯ. ಒಂದು, ಗಾಡಿಗೆ ಈ ಸಲ ಎಂಥ ಹಾಕಿಸಿದ್ದು. ಇನ್ನೊಂದು, ಮನೆಯಲ್ಲಿ ಈ ಸಲ ಯಾವ ವೈನ್ ಇಟ್ಟಿದ್ದು. "ಶುಂಠಿದು ಸೋಸಿ ಆಯ್ತು ಅಣ್ಣ, ಭಾನುವಾರ ಕೆಸರಲ್ಲಿ ಗಾಡಿ ಇಳಿಸಿ ವಾಪಸ್ ಬರುವಾಗ ಮನೆಗೆ ಬನ್ನಿ" ಅಂತ ಕರೆಯೋದು ಇಲ್ಲಿ ಮರ್ಯಾದೆಯ ಮಾತು.

ಎರಡೂ ಸ್ವಂತ ಕೈಯಿಂದ ಮಾಡಿದ್ದು ಅನ್ನೋ ಖುಷಿಯ ಹವ್ಯಾಸಗಳೇ. ಆದರೆ ಕಾನೂನು ಎರಡನ್ನೂ ಒಂದೇ ತರ ನೋಡಲ್ಲ. ತೋಟದ ಗೇಟಿನೊಳಗೆ ಓಡುವ ಜೀಪನ್ನು ಯಾರೂ ಬಂದು ಕೇಳಲ್ಲ. ವೈನ್‌ಗೆ ಆ ಗೇಟೂ ಇಲ್ಲ.

ಭರಣಿಯ ಲೆಕ್ಕ

ದ್ರಾಕ್ಷಿ, ನೆಲ್ಲಿಕಾಯಿ, ಶುಂಠಿ, ವೀಳ್ಯದೆಲೆ, ಪ್ಯಾಶನ್ ಫ್ರೂಟ್, ಸೂಜಿ ಮೆಣಸು. ಕೊಡಗಿನ ಅಡುಗೆಮನೆಗಳಲ್ಲಿ ಇದರಲ್ಲಿ ಯಾವುದರಿಂದಲೂ ವೈನ್ ಆಗುತ್ತದೆ. ಹಣ್ಣು ಯಾವುದೇ ಇರಲಿ, ಒಳಗೆ ನಡೆಯುವುದು ಒಂದೇ ಕೆಲಸ: ಈಸ್ಟ್ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮತ್ತು ಗ್ಯಾಸ್ ಬಿಡುತ್ತದೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಪೂರ್ತಿ ಹುಳಿತರೆ ಶೇ. 1ರಷ್ಟು ಆಲ್ಕೋಹಾಲ್. ಅಂದರೆ ಐದು ಲೀಟರಿಗೆ ಒಂದು ಕೆಜಿ ಸಕ್ಕರೆ ಸುರಿದರೆ ಶೇ. 12ರ ಆಸುಪಾಸು. ಹುಳಿ ನಿಲ್ಲುವ ಮುಂಚೆ ಬಾಟಲಿಗೆ ಬಿರಡೆ ಬಿಗಿದರೆ ಗ್ಯಾಸ್ ಹೋಗಲು ಜಾಗ ಇಲ್ಲದೆ ಗಾಜು ಸಿಡಿಯುವುದೂ ಉಂಟು.

ಇನ್ನು ಕಾನೂನು. ಕರ್ನಾಟಕ ಅಬಕಾರಿ ಕಾಯ್ದೆ 1965ರಲ್ಲಿ 'ಮದ್ಯ' ಅಂದರೆ ಬರೀ ಸಾರಾಯಿ, ವಿಸ್ಕಿ ಅಲ್ಲ. ಆಲ್ಕೋಹಾಲ್ ಇರುವ ಯಾವುದೇ ದ್ರವ. ಅದನ್ನು ಲೈಸೆನ್ಸ್ ಇಲ್ಲದೆ ತಯಾರಿಸುವುದೇ ಅಪರಾಧ, ಮಾರಾಟ ಆಮೇಲಿನ ಮಾತು. ಸಾಗಿಸಿದ ವಾಹನವನ್ನೂ ಮುಟ್ಟುಗೋಲು ಹಾಕಿಕೊಳ್ಳುವ ಅಧಿಕಾರ ಇಲಾಖೆಗೆ ಇದೆ. ಹತ್ತು ಬಾಟಲಿ ವೈನ್ ಹಿಂದಿಟ್ಟುಕೊಂಡು ಹೊರಟವರು, ವರ್ಷಗಟ್ಟಲೆ ದುಡ್ಡು ಸುರಿದು ಎಬ್ಬಿಸಿದ ಜೀಪನ್ನೇ ಕಳೆದುಕೊಳ್ಳಬಹುದು. "ನಮಗೆ ಬಂದೂಕಿಗೇ ರಿಯಾಯಿತಿ ಇದೆ, ವೈನ್‌ಗೆ ಇರಲ್ವಾ?" ಅನ್ನೋ ವಾದ ಆಗಾಗ ಕೇಳುತ್ತದೆ. ಬಂದೂಕಿನ ರಿಯಾಯಿತಿ ಆಯುಧ ಕಾಯ್ದೆಯದ್ದು. ಅಬಕಾರಿಗೂ ಅದಕ್ಕೂ ಸಂಬಂಧವೇ ಇಲ್ಲ. ರಾಜ್ಯದ 2007ರ ವೈನ್ ನೀತಿಯೂ ದ್ರಾಕ್ಷಿ ಬೆಳೆ ಮತ್ತು ಲೈಸೆನ್ಸ್ ಪಡೆದ ವೈನರಿಗಳಿಗಾಗಿ ಬಂದದ್ದು, ಅಟ್ಟದ ಮೇಲಿನ ಭರಣಿಗಲ್ಲ.

ಅಂಗಡಿಯವರು ಗಮನಿಸಬೇಕಾದ್ದು ಬೇರೆ. 'ಹೋಮ್ ಮೇಡ್ ವೈನ್' ಅಂತ ಬೋರ್ಡ್ ಹಾಕಿ ಟೂರಿಸ್ಟ್‌ಗಳಿಗೆ ಮಾರುವ ಬಾಟಲಿಗಳಲ್ಲಿ ಕೆಲವು ಬರೀ ಬಣ್ಣದ ಸಕ್ಕರೆ ನೀರು, ಕೆಲವು ನಿಜಕ್ಕೂ ಹುಳಿ ಬಂದದ್ದು. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮದ ಪ್ರಕಾರ ಶೇ. 0.5 ದಾಟಿದರೆ ಅದು ಆಲ್ಕೋಹಾಲ್ ಪಾನೀಯ. ಲೇಬಲ್ ಮೇಲೆ ಪ್ರಮಾಣವೂ ಎಚ್ಚರಿಕೆ ಮಾತೂ ಇರಬೇಕು, ಮಾರಲು ಅಬಕಾರಿ ಲೈಸೆನ್ಸ್ ಬೇಕು. ಯಾರೋ ತಂದು ಕೊಟ್ಟ ಸ್ಟಾಕ್‌ನಲ್ಲಿ 14 ಅಂಕಿಯ ಫುಡ್ ಲೈಸೆನ್ಸ್ ನಂಬರ್ ಕೂಡ ಇಲ್ಲ ಅಂದರೆ ಕೌಂಟರ್‌ನಲ್ಲಿ ಇಡದಿರುವುದೇ ಕ್ಷೇಮ. ದಾಳಿ ಆದಾಗ ಸಿಕ್ಕಿಬೀಳೋದು ತಂದು ಕೊಟ್ಟವನಲ್ಲ.

ಗ್ಯಾರೇಜ್ ಸಾಮಾನು ಅಡುಗೆಮನೆಗೆ ಬೇಡ

ಹಣ್ಣು ಹುಳಿ ಬರಿಸಿ ಸೋಸಿದ ವೈನ್‌ನಿಂದ ಸಾಯುವ ಅಪಾಯ ಕಡಿಮೆ. ಭಟ್ಟಿ ಇಳಿಸಲು ಹೊರಟಾಗ ಕಥೆಯೇ ಬೇರೆ. ಗ್ಯಾರೇಜ್ ಗೊತ್ತಿರುವವರ ಕೈಗೆ ಸುಲಭವಾಗಿ ಸಿಗೋದು ಹಳೆ ರೇಡಿಯೇಟರ್. ತಾಮ್ರ, ಹಿತ್ತಾಳೆಯ ಆ ಹಳೆ ರೇಡಿಯೇಟರ್‌ಗಳ ಜೋಡಣೆಗೆ ಬಳಸಿದ ಬೆಸುಗೆಯಲ್ಲಿ ಸೀಸ ಇರುತ್ತದೆ. ಅಮೆರಿಕದ ಅಲಬಾಮಾ, ಜಾರ್ಜಿಯಾ ಕಡೆ ಕಾರಿನ ರೇಡಿಯೇಟರ್ ಬಳಸಿ ಇಳಿಸಿದ ಕಳ್ಳಭಟ್ಟಿ ಕುಡಿದು ಸೀಸದ ವಿಷ ಏರಿ ಆಸ್ಪತ್ರೆ ಸೇರಿದವರ ಬಗ್ಗೆ ವೈದ್ಯರು ದಶಕಗಳಿಂದ ಬರೆಯುತ್ತಲೇ ಬಂದಿದ್ದಾರೆ. ಹೊಟ್ಟೆನೋವು, ರಕ್ತಹೀನತೆ, ಕೈಕಾಲು ಸೋಲುವುದು, ಕೊನೆಗೆ ಫಿಟ್ಸ್. ಕುದಿಸಿದರೂ ಸೋಸಿದರೂ ಸೀಸ ಹೋಗಲ್ಲ.

ಕೂಲೆಂಟ್ ಕ್ಯಾನ್ ತೊಳೆದು ವೈನ್ ತುಂಬುವುದೂ ಅಷ್ಟೇ ಕೆಟ್ಟ ಅಭ್ಯಾಸ. ಕೂಲೆಂಟ್‌ನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ಬಾಯಿಗೆ ಗೊತ್ತೇ ಆಗಲ್ಲ, ಕಿಡ್ನಿ ಹಾಳಾಗುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು ಮೆಥನಾಲ್. ಪಾಲಿಶ್ ಸ್ಪಿರಿಟ್, ಕೆಲವು ಥಿನ್ನರ್‌ಗಳಲ್ಲಿ ಇರುವುದು ಇದೇ. "ಕಿಕ್ ಜಾಸ್ತಿ ಆಗಲಿ" ಅಂತ ಸ್ಪಿರಿಟ್ ಬೆರೆಸಿದರೆ ಆಗುವುದೇನು ಅನ್ನೋದಕ್ಕೆ ರಾಜ್ಯದಲ್ಲೇ ಉದಾಹರಣೆ ಇದೆ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ವಿಷಮದ್ಯಕ್ಕೆ 300ಕ್ಕೂ ಹೆಚ್ಚು ಜನ ಸತ್ತರು. 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಮರುವರ್ಷ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ಪಕ್ಕದ ಕೃಷ್ಣಗಿರಿಯಲ್ಲಿ ಮತ್ತೆ ನೂರಕ್ಕೂ ಹೆಚ್ಚು ಸಾವು. ಮೆಥನಾಲ್ ಕುಡಿದ ಕೂಡಲೇ ಗೊತ್ತಾಗಲ್ಲ. ಅರ್ಧ ದಿನ, ಒಂದು ದಿನ ಕಳೆದ ಮೇಲೆ ವಾಂತಿ, ಹೊಟ್ಟೆನೋವು, ಏದುಸಿರು, ಕಣ್ಣು ಮಂಜು. ಹ್ಯಾಂಗೋವರ್ ಅಂತ ಮಲಗಿಸಬೇಡಿ. 108ಕ್ಕೆ ಫೋನ್ ಮಾಡಿ, ಕುಡಿದದ್ದು ಏನು ಅಂತ ಮುಚ್ಚಿಡದೆ ಡಾಕ್ಟರಿಗೆ ಹೇಳಿ, ಉಳಿದ ಬಾಟಲಿ ಇದ್ದರೆ ಜೊತೆಗೇ ಒಯ್ಯಿರಿ. ಬೇಗ ತಲುಪಿದರೆ ಇದಕ್ಕೆ ಔಷಧಿ ಇದೆ.

ವಾಪಸ್ ಬರುವ ದಾರಿ

"ಮನೆ ವೈನ್ ತಾನೆ, ಎರಡು ಲೋಟಕ್ಕೆ ಎಂಥ ಆಗ್ತದೆ" ಅನ್ನುವವರಿಗೆ ಒಂದು ಸಣ್ಣ ಲೆಕ್ಕ. 200 ಎಂಎಲ್ ಹಿಡಿಯುವ ಲೋಟದ ತುಂಬ ಶೇ. 12ರ ವೈನ್ ಅಂದರೆ 24 ಎಂಎಲ್ ಶುದ್ಧ ಆಲ್ಕೋಹಾಲ್. ಶೇ. 42.8 ಇರುವ ವಿಸ್ಕಿ ಎರಡು ಸ್ಮಾಲ್ ಅಂದರೆ 25.7 ಎಂಎಲ್. ಒಂದು ಲೋಟ ಹತ್ತಿರ ಹತ್ತಿರ ಎರಡು ಸ್ಮಾಲ್! ರಕ್ತದಲ್ಲಿ 100 ಎಂಎಲ್‌ಗೆ 30 ಮಿಲಿಗ್ರಾಂ ದಾಟಿದರೆ ಕೇಸು. ಮೊದಲ ಸಲಕ್ಕೆ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು.

ಜೀಪಿನ ಕಾಗದ

ಮಹೀಂದ್ರಾ 1940ರ ದಶಕದ ಕೊನೆಯಲ್ಲಿ ಮುಂಬೈಯಲ್ಲಿ ವಿಲ್ಲಿಸ್ ಜೀಪು ಜೋಡಿಸಲು ಶುರು ಮಾಡಿದ ಮೇಲೆ, ಕಾಫಿ ತೋಟದ ಏರು ರಸ್ತೆಗಳಿಗೆ ಅದಕ್ಕಿಂತ ಒಗ್ಗಿದ ಗಾಡಿ ಇನ್ನೊಂದು ಬರಲಿಲ್ಲ. ಹಳೆ ಪೆಟ್ರೋಲ್ ಎಂಜಿನ್ ತೆಗೆದು ಎಂಎಂ 540ರ ಪ್ಯೂಜೊ ಡೀಸೆಲ್ ಇಳಿಸುವುದು ಇಲ್ಲಿನ ಮೆಕ್ಯಾನಿಕ್‌ಗಳಿಗೆ ನೀರು ಕುಡಿದಷ್ಟು ಸಲೀಸು. ಆಮೇಲೆ ದಪ್ಪ ಟೈರು, ಹೆಚ್ಚುವರಿ ಕಮಾನ್ ಪ್ಲೇಟು, ವಿಂಚು, ಮುಂದೆ ಕಬ್ಬಿಣದ ಬಂಪರು.

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೂ ಗಾಡಿಗೂ ವ್ಯತ್ಯಾಸ ಬರುವಂತೆ ಮಾರ್ಪಾಡು ಮಾಡುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಖಡಾಖಂಡಿತ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಬಂತು. ಬಂಪರ್, ಟೈರು, ಲೈಟು ಅಂತ ಎಣಿಸುತ್ತಾ ಹೋದರೆ ಮೊತ್ತ ಎಷ್ಟಾಗುತ್ತದೆ ಅಂತ ಮಾಲೀಕರೇ ಲೆಕ್ಕ ಹಾಕಿಕೊಳ್ಳಬಹುದು. ಆಕ್ಸಿಡೆಂಟ್ ಆದಾಗ ಇನ್ಶೂರೆನ್ಸ್‌ನವರು ತಕರಾರು ತೆಗೆಯೋದೂ ಇಲ್ಲೇ. ಟೈರಿನ ಎತ್ತರ ಹತ್ತು ಪರ್ಸೆಂಟ್ ಹೆಚ್ಚಾದರೆ ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ ಓಡುತ್ತಿರುವುದು 66ರಲ್ಲಿ. ಬ್ರೇಕ್ ಮಾತ್ರ ಹಳೆ ಡ್ರಮ್ಮೇ.

ಎಂಜಿನ್ ಬದಲಾವಣೆಗೆ ದಾರಿ ಇದೆ. ಆರ್‌ಟಿಒ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ಬರೆಸಬೇಕು. ಕೆಎ-12ರ ಕಚೇರಿ ಮಡಿಕೇರಿಯಲ್ಲಿದೆ. ಗಾಡಿ ಬಿಚ್ಚುವ ಮುಂಚೆ ಹೋಗಿ ವಿಚಾರಿಸಿ, ಬರುವ ಎಂಜಿನ್‌ನ ಬಿಲ್ಲು, ನಂಬರು ಕೈಯಲ್ಲಿರಲಿ. ಹಳೆ ಎಂಜಿನ್ ಗುಜರಿಗೆ ಹೋದ ಮೇಲೆ ಆರ್‌ಸಿಯಲ್ಲಿರುವ ನಂಬರ್ ಯಾವ ಕಬ್ಬಿಣದ ಮೇಲಿತ್ತು ಅಂತ ತೋರಿಸೋಕೆ ಯಾರಿಂದಲೂ ಆಗಲ್ಲ.