ಜುಟ್ಟು, ಕ್ರಾಪು, ಹೆಬ್ಬುಲಿ ಕಟಿಂಗ್: ಶಾಲೆಯ ಶಿಸ್ತು ಮತ್ತು ಗಂಡುಮಕ್ಕಳ ತಲೆಗೂದಲು

(ಆನ್‌ಲೈನ್ ವಿಚಾರಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಲಿಖಿತ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದೆ. ಕೊನೆಯಲ್ಲಿ ಚರ್ಚೆಯ ಭಾಗವಿದೆ.)

ನಾನು ಆರಿಸಿಕೊಂಡಿರುವ ವಿಷಯ ಮೇಲ್ನೋಟಕ್ಕೆ ಬಹಳ ಸಣ್ಣದು. ಹೈಸ್ಕೂಲು ಹುಡುಗರ ಕೂದಲು ಎಷ್ಟು ಉದ್ದ ಇರಬೇಕು, ಅದನ್ನ ಯಾರು ಹೇಳಬೇಕು ಅನ್ನೋದು. ‘ಇದೂ ಒಂದು ಸಂಶೋಧನೆಯ ವಿಷಯಾನಾ?’ ಅಂತ ಸ್ನೇಹಿತರು ಕೇಳಿದ್ರು. ಈ ಸಣ್ಣ ವಿಷಯಕ್ಕೆ ಇನ್ನೂರು ವರ್ಷಗಳ ಇತಿಹಾಸ ಇದೆ, ಅದು ಗೊತ್ತಿದ್ದರೆ ಇವತ್ತಿನ ಜಗಳ ಬೇರೆ ಥರ ಕಾಣುತ್ತೆ ಅನ್ನೋದು ನನ್ನ ಉತ್ತರ.

ನನ್ನ ವಾದವನ್ನು ಮೊದಲೇ ಹೇಳಿಬಿಡ್ತೇನೆ. ಕೂದಲಿನ ನಿಯಮ ಯಾವತ್ತೂ ಕೂದಲಿನ ಉದ್ದದ ಬಗ್ಗೆ ಇರಲಿಲ್ಲ. ತಲೆಯ ಮೇಲಿನ ತೀರ್ಮಾನ ಯಾರದ್ದು ಅನ್ನುವುದರ ಬಗ್ಗೆ ಇತ್ತು.

1. ಅಗಳಿಯಿಂದ ನೋಡಿದರೆ

ನಾನು ಅಗಳಿ ಕಡೆಯವನು. ಗೊತ್ತಿಲ್ಲದವರಿಗೆ ಎರಡು ಮಾತು. ಅಗಳಿ ಮಡಕಶಿರಾ ಭಾಗದ ಒಂದು ಮಂಡಲ. ಹಿಂದೆ ಅನಂತಪುರ ಜಿಲ್ಲೆ, 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆ. ಆಡಳಿತ ಆಂಧ್ರದ್ದು, ಮನೆಮಾತು ಬಹುಪಾಲು ಕನ್ನಡ. ಪಕ್ಕದಲ್ಲೇ ತುಮಕೂರು ಜಿಲ್ಲೆಯ ಶಿರಾ. ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳು ಇಲ್ಲಿವೆ, ಪರೀಕ್ಷೆ ಮಾತ್ರ ಆಂಧ್ರ ಬೋರ್ಡಿನದು. 1953ರವರೆಗೆ ನಾವು ಮದ್ರಾಸ್ ಪ್ರಾಂತ್ಯದವರು. ರಾಯದುರ್ಗ ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಹೋಗಿದ್ದೂ ಅದೇ ವರ್ಷ, ಅಕ್ಟೋಬರ್ 1ಕ್ಕೆ.

ಗಡಿಯ ಹುಡುಗರಿಗೆ ಎರಡು ಕಡೆಯ ಸಿನಿಮಾ, ಎರಡು ಕಡೆಯ ಹೀರೋ, ಹಾಗಾಗಿ ಎರಡು ಕಡೆಯ ಕಟಿಂಗು. ಒಬ್ಬ ಸುದೀಪ್ ಥರ ಮಾಡಿಸ್ತಾನೆ, ಇನ್ನೊಬ್ಬ ಯಶ್ ಥರ ಬಿಡ್ತಾನೆ, ಮತ್ತೊಬ್ಬನಿಗೆ ಪುಷ್ಪನ ಅಲ್ಲು ಅರ್ಜುನ್ ಬೇಕು. ಶಾಲೆ ಮಾತ್ರ ಎಲ್ಲರಿಗೂ ಒಂದೇ ಮಾತು ಹೇಳುತ್ತೆ: ‘ಕ್ರಾಪು ಬಿಡಿಸ್ಕೊಂಡು ಬಾ.’ ನಾನು ಓದಿದ ಶಾಲೆಯಲ್ಲೂ (ಹೆಸರು ಬೇಡ) ಸೋಮವಾರದ ಪ್ರಾರ್ಥನೆ ಮುಗಿದ ಮೇಲೆ ತಲೆ ನೋಡೋರು. ಬೆರಳಿಗೆ ಕೂದಲು ಸಿಕ್ಕರೆ ಉದ್ದ, ಸಿಗದಿದ್ದರೆ ಸರಿ. ಆ ಅಳತೆ ಯಾವ ಕಾಗದದಲ್ಲೂ ಬರೆದಿರಲಿಲ್ಲ. ಈ ‘ಬರೆದಿರದ ಅಳತೆ’ಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

2. ಮದ್ರಾಸಿನ ಒಂದು ಆಜ್ಞೆ, ಕಾಲ್ಡ್‌ವೆಲ್ಲನ ಒಂದು ಪುಸ್ತಿಕೆ

1800ರಲ್ಲಿ ನಿಜಾಮ ಬಿಟ್ಟುಕೊಟ್ಟ ಸೀಮೆಯ ಜೊತೆ ನಮ್ಮ ಭಾಗ ಕಂಪನಿಯ ಕೈಗೆ ಹೋಯಿತು. ಐದು ವರ್ಷ ಕಳೆದ ಮೇಲೆ, 1805ರ ನವೆಂಬರಿನಲ್ಲಿ, ಮದ್ರಾಸ್ ಸೈನ್ಯದಲ್ಲಿ ಒಂದು ಆಜ್ಞೆ ಹೊರಟಿತು. ಸಿಪಾಯಿಗಳು ಕವಾಯತಿಗೆ ಬರುವಾಗ ಹಣೆಯ ಮೇಲೆ ಜಾತಿಯ ಗುರುತು ಇರಬಾರದು, ಗಡ್ಡ ಬೋಳಿಸಬೇಕು, ಮೀಸೆ ಒಂದೇ ಮಾದರಿಯಲ್ಲಿರಬೇಕು, ತಲೆಗೆ ಹೊಸ ಬಗೆಯ ಪೇಟ ಸುತ್ತಬೇಕು. ಒಪ್ಪದವರಿಗೆ ಚಾಟಿ ಏಟಾಯಿತು. 1806ರ ಜುಲೈ 10ರಂದು ವೆಲ್ಲೂರು ಕೋಟೆಯಲ್ಲಿ ದಂಗೆ ಎದ್ದಿತು. ಟಿಪ್ಪುವಿನ ಮಕ್ಕಳನ್ನು ಇಟ್ಟಿದ್ದ ಕೋಟೆ ಅದು, ಹಾಗಾಗಿ ರಾಜಕೀಯ ಕಾರಣಗಳೂ ಇದ್ದವು. ಆದರೆ ಕಿಡಿ ಹಚ್ಚಿದ್ದು ಈ ಉಡುಪು ಮತ್ತು ಕ್ಷೌರದ ಆಜ್ಞೆ. ದಂಗೆಯ ನಂತರ ಕಂಪನಿ ಅದನ್ನು ಹಿಂದಕ್ಕೆ ಪಡೆಯಿತು.

ಸೈನ್ಯದ ಕಥೆ ಶಾಲೆಗೆ ಯಾಕೆ ಅಂದರೆ, ಸಾಲು, ಗಂಟೆ, ಸಮವಸ್ತ್ರ, ತಪಾಸಣೆ ಇವೆಲ್ಲ ನಮ್ಮ ಶಾಲೆಯಲ್ಲಿ ಕಾಣುವ ರೀತಿ ಹೊಸ ಕಾಲದ ಸೈನ್ಯದ ರೀತಿಯೇ. ಹಳೆಯ ಕೂಲಿಮಠದ ಶಿಕ್ಷೆ ಕ್ರೂರವಾಗಿತ್ತು, ಹುಡುಗರನ್ನು ಕೋದಂಡಕ್ಕೆ ನೇತುಹಾಕುತ್ತಿದ್ದರು. ಆದರೆ ಎಲ್ಲರ ತಲೆಯೂ ಒಂದೇ ಥರ ಇರಬೇಕು ಅನ್ನೋ ಕಲ್ಪನೆ ಅಲ್ಲಿರಲಿಲ್ಲ. ತಲೆ ಹೇಗಿರಬೇಕು ಅಂತ ತೀರ್ಮಾನಿಸುತ್ತಿದ್ದದ್ದು ಮನೆ, ಜಾತಿ, ಮಠ.

ಎರಡನೆಯ ಪ್ರಸಂಗ ಮಿಷನರಿಗಳದ್ದು. ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬರೆದ ರಾಬರ್ಟ್ ಕಾಲ್ಡ್‌ವೆಲ್ 1867ರಲ್ಲಿ ಜುಟ್ಟಿನ ಮೇಲೇ ಒಂದು ಪುಸ್ತಿಕೆ ಬರೆದ. ಕ್ರೈಸ್ತರಾದವರು ಜುಟ್ಟು (ತಮಿಳಿನ ಕುಡುಮಿ) ಕತ್ತರಿಸಲೇಬೇಕು ಅಂತ ಕೆಲವು ಮಿಷನರಿಗಳು ಪಟ್ಟು ಹಿಡಿದಿದ್ದರು. ಕಾಲ್ಡ್‌ವೆಲ್ಲನ ವಾದ ಬೇರೆ. ಅದು ಧರ್ಮದ ಗುರುತಲ್ಲ, ಊರಿನ ರೂಢಿ, ಅನೇಕ ಜಾತಿಗಳವರು ಬಿಡುತ್ತಾರೆ, ಬಲವಂತ ಬೇಡ ಅಂತ. ಗಮನಿಸಿ, ಎರಡೂ ಕಡೆಯ ವಾದ ನಡೆದದ್ದು ಪಾದ್ರಿಗಳ ನಡುವೆ. ಜುಟ್ಟಿದ್ದವನನ್ನು ಮಾತ್ರ ಯಾರೂ ಮುಂದೆ ಕೂರಿಸಿಕೊಂಡು ಕೇಳಿದ ಹಾಗೆ ಕಾಣೋದಿಲ್ಲ.

3. ಕ್ರಾಪು ಬಂತು

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಿಗೆ ಬಂದರೆ ಚಿತ್ರ ತಲೆಕೆಳಗಾಗುತ್ತೆ. ಆಗ ಜುಟ್ಟು ಬಿಟ್ಟವನು ಒಳ್ಳೆಯ ಹುಡುಗ. ಅದನ್ನು ಕತ್ತರಿಸಿ ಕ್ರಾಪು ಬಿಟ್ಟವನು ಇಂಗ್ಲಿಷ್ ಓದಿ ಕೆಟ್ಟವನು, ಅಪ್ಪನ ಶ್ರಾದ್ಧಕ್ಕೂ ಆಗದವನು. ಪಟ್ಟಣಕ್ಕೆ ಓದಲು ಹೋದ ಹುಡುಗ ಜುಟ್ಟು ತೆಗೆಸಿಕೊಂಡು ಬಂದ ಅಂದರೆ ಮನೆಯಲ್ಲಿ ರಂಪ. ನಮ್ಮ ಹಿಂದಿನ ತಲೆಮಾರಿನ ಬಹಳ ಮನೆಗಳಲ್ಲಿ ಈ ಕಥೆ ಇದೆ.

‘ಕ್ರಾಪು’ ಅನ್ನೋ ಪದವೇ ಇಂಗ್ಲಿಷಿನಿಂದ ಬಂದದ್ದು, ತೆಲುಗಿನಲ್ಲೂ ಅದೇ ಪದ. ಅಂದಿನ ಬಂಡಾಯದ ಹೆಸರು ಅದು. ಇವತ್ತು ಮೇಷ್ಟ್ರು ‘ಕ್ರಾಪು ಬಿಡಿಸ್ಕೊಂಡು ಬಾ’ ಅಂದಾಗ ಅದೇ ಪದ ಶಿಸ್ತಿನ ಹೆಸರಾಗಿದೆ. ಹಾಗಾದರೆ ಶಿಸ್ತು ಕೂದಲಿನಲ್ಲಿ ಇಲ್ಲ. ಇದ್ದಿದ್ದರೆ ನೂರು ವರ್ಷದಲ್ಲಿ ಇಷ್ಟು ಪೂರ್ತಿ ತಿರುಗಿಬೀಳ್ತಿರಲಿಲ್ಲ. ಇನ್ನೊಂದು ಸೋಜಿಗ: ಜಟಾಧಾರಿ ಶಿವನಿಗೆ ಕೈಮುಗಿದು ಶಾಲೆಗೆ ಬರುವ ಹುಡುಗನಿಗೆ ‘ಇದೇನೋ ಜಟೆ’ ಅನ್ನೋದು ಬೈಗುಳ.

‘ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು’ ಅನ್ನೋ ಗಾದೆಯನ್ನೂ ಇಲ್ಲಿ ನೋಡಬೇಕು. ಗಾದೆ ನಗೋದು ಬಡವನ ಶೋಕಿಯನ್ನ. ಹಿಟ್ಟು ಇದ್ದವನ ಜುಟ್ಟಿನ ಹೂವನ್ನು ಅದು ಪ್ರಶ್ನಿಸೋದಿಲ್ಲ. ಸರ್ಕಾರಿ ಶಾಲೆಯ ಹುಡುಗನ ಕಟಿಂಗಿನ ಬಗ್ಗೆ ನಾವು ಆಡುವ ಮಾತಿನಲ್ಲಿ ಈ ಗಾದೆ ಸದ್ದಿಲ್ಲದೆ ಕೂತಿದೆ ಅನ್ನೋದು ನನ್ನ ಅನುಮಾನ.

4. ಕುಲಹಳ್ಳಿಯ ಪತ್ರ

2023ರ ಜುಲೈನಲ್ಲಿ ಬಾಗಲಕೋಟೆ ಜಿಲ್ಲೆಯ ಕುಲಹಳ್ಳಿ ಸರ್ಕಾರಿ ಪ್ರೌಢಶಾಲೆಯ ಮುಖ್ಯ ಶಿಕ್ಷಕರು ಬರೆದ ಪತ್ರವೊಂದು ಸುದ್ದಿಯಾಯಿತು. ಪತ್ರ ಮಕ್ಕಳಿಗಲ್ಲ, ಪೋಷಕರಿಗೂ ಅಲ್ಲ, ಊರಿನ ಕ್ಷೌರದಂಗಡಿಗೆ. ವಿದ್ಯಾರ್ಥಿಗಳಿಗೆ ಹೆಬ್ಬುಲಿ ಮಾದರಿಯ ಕಟಿಂಗ್ ಮಾಡಬೇಡಿ, ಅವರ ಗಮನ ಓದಿನಿಂದ ಕೂದಲಿನ ಕಡೆ ಹೋಗ್ತಿದೆ ಅನ್ನುವುದು ಅದರ ಸಾರ. 2017ರಲ್ಲಿ ಬಂದ ಸುದೀಪ್ ಅವರ ‘ಹೆಬ್ಬುಲಿ’ ಚಿತ್ರದಿಂದ ಆ ಹೆಸರು. ಬಹಳ ಜನ ನಕ್ಕರು, ಬಹಳ ಜನ ಮೇಷ್ಟ್ರನ್ನು ಹೊಗಳಿದರು.

ಇತಿಹಾಸದ ವಿದ್ಯಾರ್ಥಿಯಾಗಿ ನನಗೆ ಇದರಲ್ಲಿ ಎರಡು ಸಂಗತಿ ಮುಖ್ಯ ಅನಿಸುತ್ತೆ. ಮೊದಲನೆಯದು, ಹೆಬ್ಬುಲಿ ಕಟಿಂಗ್ ಉದ್ದ ಕೂದಲಲ್ಲ. ಪಕ್ಕದಲ್ಲಿ ನುಣ್ಣಗೆ, ನೆತ್ತಿಯಲ್ಲಿ ದಟ್ಟ. ಕಿವಿಯ ಪಕ್ಕ ಯಾವ ಶಾಲೆ ಕೇಳುವುದಕ್ಕಿಂತಲೂ ಗಿಡ್ಡ. ಸ್ವಚ್ಛತೆ, ಹೇನು, ಕಣ್ಣಿಗೆ ಬೀಳುವ ಕೂದಲು ಇವೇ ಕಾರಣಗಳಾಗಿದ್ದರೆ ಅದಕ್ಕೆ ಅಷ್ಟು ತಕರಾರು ಬೇಕಿರಲಿಲ್ಲ. ತಕರಾರು ಹುಡುಗ ತಾನೇ ಆರಿಸಿಕೊಂಡ ಅನ್ನುವುದಕ್ಕೆ. ಎರಡನೆಯದು, ಪತ್ರ ಹೋದದ್ದು ಕ್ಷೌರಿಕರಿಗೆ. ಅಂದರೆ ಶಾಲೆಯ ನಿಯಮಕ್ಕೆ ಶಾಲೆಯ ಹೊರಗಿನ ಒಬ್ಬ ಕಾವಲುಗಾರ ಬೇಕಾದ.

ಮೇಷ್ಟ್ರ ಕಡೆಗೂ ನ್ಯಾಯ ಇದೆ. ಮೂರು ಜನರ ಕೆಲಸ ಒಬ್ಬರೇ ಮಾಡುವ ಶಾಲೆಗಳಿವೆ. ಎಸ್‌ಎಸ್‌ಎಲ್‌ಸಿ ಫಲಿತಾಂಶಕ್ಕೆ ಅವರನ್ನೇ ಕೇಳ್ತಾರೆ. ಎಲ್ಲರೂ ಒಂದೇ ಥರ ಕಂಡರೆ ಬಡವ ಬಲ್ಲಿದ ಗೊತ್ತಾಗೋಲ್ಲ ಅನ್ನುವ ಮಾತಿನಲ್ಲಿ ಸತ್ಯ ಇದೆ. ಆದರೆ ಸಮಾನತೆಯ ಈ ಮಾತು ಕ್ಷೌರದಂಗಡಿಯ ಬಾಗಿಲಿಗೆ ಬಂದಾಗ ಏನಾಗುತ್ತೆ ನೋಡಬೇಕು.

5. ಕಟಿಂಗ್ ಶಾಪಿನ ಬಾಗಿಲು

2020ರ ನವೆಂಬರಿನಲ್ಲಿ ನಂಜನಗೂಡು ತಾಲೂಕಿನ ಹಲ್ಲರೆ ಗ್ರಾಮದ ಕ್ಷೌರಿಕರೊಬ್ಬರು ದಲಿತರಿಗೆ ಕ್ಷೌರ ಮಾಡಿದ್ದಕ್ಕೆ ತಮಗೆ 50,000 ರೂಪಾಯಿ ದಂಡ ಹಾಕಿ ಬಹಿಷ್ಕಾರ ಹಾಕಿದ್ದಾರೆ ಅಂತ ದೂರಿದರು. 2024ರ ಆಗಸ್ಟಿನಲ್ಲಿ ಕೊಪ್ಪಳ ಜಿಲ್ಲೆಯ ಸಂಗನಾಳದಲ್ಲಿ ಕ್ಷೌರದ ವಿಷಯಕ್ಕೆ ಶುರುವಾದ ಜಗಳದಲ್ಲಿ ಒಬ್ಬ ದಲಿತ ಯುವಕನ ಕೊಲೆಯೇ ಆಯಿತು. 2025ರಲ್ಲಿ ತೆರೆಕಂಡ ‘ಹೆಬ್ಬುಲಿ ಕಟ್’ ಚಿತ್ರ ಇದೇ ಎಳೆಯನ್ನು ಹಿಡಿದದ್ದು: ಹೀರೋನ ಥರ ಕಟಿಂಗ್ ಮಾಡಿಸಿಕೊಳ್ಳುವ ಆಸೆಯ ಹುಡುಗನೊಬ್ಬ, ಅವನ ಮುಂದೆ ನಿಲ್ಲುವ ಜಾತಿ.

‘ನಾಳೆ ಬರುವಾಗ ಕಟಿಂಗ್ ಮಾಡಿಸ್ಕೊಂಡು ಬಾ’ ಅನ್ನುವ ಆಜ್ಞೆ ಎಲ್ಲರಿಗೂ ಒಂದೇ ಆದರೂ ಅದನ್ನು ಪಾಲಿಸುವ ದಾರಿ ಒಂದೇ ಅಲ್ಲ. ಒಬ್ಬ ಹುಡುಗ ಬೀದಿ ದಾಟಿ ಕುರ್ಚಿ ಮೇಲೆ ಕೂರ್ತಾನೆ. ಇನ್ನೊಬ್ಬ ಬಸ್ಸು ಹತ್ತಿ ಅಂಗಡಿ ಹುಡುಕಿಕೊಂಡು ತಾಲೂಕು ಕೇಂದ್ರಕ್ಕೆ ಹೋಗಬೇಕು. ಅವನ ಅಪ್ಪನ ಒಂದು ದಿನದ ಕೂಲಿಯಲ್ಲಿ ಅಷ್ಟು ಭಾಗ ಹೋಯಿತು. ಅವನು ಮರುದಿನ ಶಾಲೆಗೆ ಬರದೇ ಇದ್ದರೆ ಕಾರಣ ‘ಅಶಿಸ್ತು’ ಅಂತ ಬರೆಯೋಕಾಗುತ್ತಾ? ಬಹಳ ಆಸೆಯಿಂದ ಮಾಡಿಸಿಕೊಂಡ ಒಂದು ಕಟಿಂಗು ಕೆಲವು ಹುಡುಗರ ಪಾಲಿಗೆ ಶೋಕಿಯಲ್ಲ. ಆ ಕುರ್ಚಿಯ ಮೇಲೆ ಕೂತಿದ್ದೇನೆ ಅನ್ನೋದಕ್ಕೆ ಸಾಕ್ಷಿ.

6. ಕಾನೂನು ಎಲ್ಲಿದೆ?

ಈಗ ಆ ‘ಬರೆದಿರದ ಅಳತೆ’ಗೆ ಬರೋಣ. ಕೇರಳದ ಬಿಜೋ ಇಮ್ಯಾನುಯೆಲ್ ಪ್ರಕರಣ ನಿಮಗೆ ಗೊತ್ತು. ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತು, ಆದರೆ ಧಾರ್ಮಿಕ ಕಾರಣಕ್ಕೆ ಹಾಡದ ಮೂವರು ಮಕ್ಕಳನ್ನು ಶಾಲೆಯಿಂದ ತೆಗೆದಿದ್ದರು. 1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಅವರ ಪರ ತೀರ್ಪು ಕೊಟ್ಟಿತು. ಅದರ ಒಂದು ಮುಖ್ಯ ಅಂಶ ನಮಗೆ ಬೇಕಾದದ್ದು: ಮೂಲಭೂತ ಹಕ್ಕನ್ನು ಕಟ್ಟಿಹಾಕಬೇಕಾದರೆ ಕಾನೂನಿನ ಬಲ ಇರಬೇಕು, ಇಲಾಖೆಯ ಸುತ್ತೋಲೆ ಸಾಲದು. ಸುತ್ತೋಲೆಯೇ ಸಾಲದು ಅಂದಮೇಲೆ ಬೆರಳಿನ ಅಳತೆಯ ಗತಿ ಏನು?

ಇದನ್ನು ಹೇಳಿ ಗೆದ್ದೆವು ಅಂದುಕೊಳ್ಳೋ ಹಾಗಿಲ್ಲ. ಹಿಜಾಬ್ ಪ್ರಕರಣದಲ್ಲಿ 2022ರ ಮಾರ್ಚ್ 15ರಂದು ಕರ್ನಾಟಕ ಹೈಕೋರ್ಟು ಸಮವಸ್ತ್ರದ ಅಧಿಕಾರವನ್ನು ಎತ್ತಿಹಿಡಿಯಿತು, ಅದೇ ವರ್ಷ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಅಮೆರಿಕದಲ್ಲಿ 1969ರ ಟಿಂಕರ್ ತೀರ್ಪು ವಿದ್ಯಾರ್ಥಿಗಳ ಅಭಿವ್ಯಕ್ತಿ ಸ್ವಾತಂತ್ರ್ಯವನ್ನು ಎತ್ತಿಹಿಡಿಯಿತು, ಆದರೆ ಕೂದಲಿನ ಶೈಲಿ ಈ ಪ್ರಕರಣದ ವಿಷಯವಲ್ಲ ಅಂತ ಬದಿಗಿಟ್ಟಿತು. ಜಪಾನಿನ ಕುಮಾಮೊಟೊದಲ್ಲಿ ಶಾಲೆಯ ಬೋಳುತಲೆ ನಿಯಮದ ವಿರುದ್ಧ ಹಾಕಿದ ದಾವೆಯನ್ನು 1985ರಲ್ಲಿ ಜಿಲ್ಲಾ ನ್ಯಾಯಾಲಯ ತಳ್ಳಿಹಾಕಿತು. ಆದರೆ ಆ ನಿಯಮ ಉಳಿಯಲಿಲ್ಲ. ಪೋಷಕರು, ಮಕ್ಕಳು, ಶಿಕ್ಷಕರು ಚರ್ಚೆ ಮಾಡಿ ಮುಂದಿನ ವರ್ಷಗಳಲ್ಲಿ ಶಾಲೆಗಳು ಒಂದೊಂದಾಗಿ ಅದನ್ನು ಕೈಬಿಟ್ಟವು.

ನಮ್ಮಲ್ಲಿ ಎರಡು ಗೆರೆಗಳಂತೂ ಸ್ಪಷ್ಟ ಇವೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತೆ. 16ನೇ ಸೆಕ್ಷನ್ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿ ಬಲವಂತದ ತಲೆ ಬೋಳಿಸುವಿಕೆಯನ್ನು, ಮೀಸೆ ತೆಗೆಯುವುದನ್ನು ಹೆಸರಿಸಿ ಅಪರಾಧ ಅನ್ನುತ್ತೆ. ಅಂದರೆ ಕೂದಲು ಘನತೆಯ ವಿಷಯ ಅಂತ ಕಾನೂನೇ ಒಪ್ಪಿಕೊಂಡಿದೆ. ಹಾಗಿರುವಾಗ ತರಗತಿಯ ಮುಂದೆ ಕತ್ತರಿ ಆಡಿಸುವುದು ‘ತಮಾಷೆ’ ಅಲ್ಲ.

ಉಪಸಂಹಾರ

ಅಗಳಿಯಂಥ ಕಡೆ ಈ ಪ್ರಶ್ನೆ ಬರಿಯ ಫ್ಯಾಷನ್ನಿನದಲ್ಲ. ಗಡಿಯಲ್ಲಿ ಕನ್ನಡ ಶಾಲೆ ಉಳಿಯೋದೇ ಮಕ್ಕಳ ಸಂಖ್ಯೆಯ ಮೇಲೆ. ತಲೆಗೂದಲಿಗಾಗಿ ಮನೆಗೆ ಕಳಿಸಿದ ಹುಡುಗ ನಾಲ್ಕು ದಿನ ಬರೋದಿಲ್ಲ, ಐದನೇ ದಿನ ಗಾರೆ ಕೆಲಸಕ್ಕೆ ಬೆಂಗಳೂರು ಬಸ್ ಹತ್ತಿದರೆ ವಾಪಸ್ ಕರೆತರೋದು ಕಷ್ಟ. ಒಂದು ಬೆರಳು ಕೂದಲಿಗೆ ಒಬ್ಬ ವಿದ್ಯಾರ್ಥಿ ಅನ್ನುವ ಲೆಕ್ಕ ನಮಗೆ ಪೂರೈಸೋಲ್ಲ.

ಚರ್ಚೆ

ಪ್ರಶ್ನೆ (ಅಧ್ಯಾಪಕರೊಬ್ಬರಿಂದ): ಹಾಗಾದರೆ ನಿಯಮವೇ ಬೇಡವೇ? ನಾಳೆ ಬಣ್ಣ ಹಚ್ಚಿಕೊಂಡು ಬಂದರೆ?

ಉತ್ತರ: ನಿಯಮ ಬೇಡ ಅಂತ ನಾನು ಹೇಳ್ತಿಲ್ಲ ಸರ್. ಪ್ರಯೋಗಾಲಯದಲ್ಲಿ ಕೂದಲು ಕಟ್ಟಿಕೊಳ್ಳಿ, ಹೇನಾದರೆ ಚಿಕಿತ್ಸೆ ಮಾಡಿಸಿ ಅನ್ನೋದಕ್ಕೆ ಕಾರಣ ಇದೆ, ಅದು ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಒಂದೇ. ಕಾರಣ ಹೇಳಲಾಗದ ನಿಯಮದ ಬಗ್ಗೆ ನನ್ನ ತಕರಾರು. ಬಣ್ಣದ ಪ್ರಶ್ನೆಯನ್ನೂ ಮಕ್ಕಳ ಮುಂದೆಯೇ ಇಡಬಹುದು.

ಪ್ರಶ್ನೆ (ಸಹಪಾಠಿಯಿಂದ): ಮಕ್ಕಳನ್ನ ಕೇಳಿ ಅಂದ್ರಿ, ಎಲ್ಲಿ ಕೇಳೋದು?

ಉತ್ತರ: ಜಾಗ ಆಗಲೇ ಇದೆ. ಭಾರತ 1992ರಲ್ಲಿ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಮಗುವಿನ ಅಭಿಪ್ರಾಯಕ್ಕೆ ಬೆಲೆ ಕೊಡಿ ಅನ್ನುತ್ತೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಆಡಳಿತ ಮಂಡಳಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಉಳಿದ ಪಾಲಿನಲ್ಲಿ ಶಾಲೆಯ ಮಕ್ಕಳಿಗೂ ಎಡೆ ಇದೆ ಅಂತ ಕೇಂದ್ರದ ಮಾದರಿ ನಿಯಮ ಹೇಳುತ್ತೆ. ಜೂನಿನಲ್ಲಿ ಶಾಲೆ ಶುರುವಾದಾಗ ಒಂದು ಸಭೆ ಸಾಕು. ನಿಯಮ ಬರೆಯಿರಿ, ಕಾರಣ ಬರೆಯಿರಿ, ತಪ್ಪಿದರೆ ಏನು ಅನ್ನೋದನ್ನೂ ಬರೆಯಿರಿ. ತಪ್ಪಿದರೆ ತರಗತಿಯಿಂದ ಹೊರಗೆ ಕಳಿಸೋದು ಮಾತ್ರ ಆ ಪಟ್ಟಿಯಲ್ಲಿ ಇರಕೂಡದು.